ಕಾರಿನ ಛಾವಣಿ ಕಳಚುವಂತೆ ಮಾಡಬೇಕಾದರೆ

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಗ್ಯಾರೇಜುಗಳಲ್ಲಿ ವೆಲ್ಡಿಂಗ್, ಡೆಂಟಿಂಗ್ ಮಾಡುವವರು ಕೆಲವರಿದ್ದಾರೆ. ಮುಚ್ಚಿದ ಸ್ಪೋರ್ಟ್ಸ್ ಕಾರಿನ ಛಾವಣಿಯನ್ನು ಕೊಯ್ದು, ಬೇಕಾದಾಗ ತೆಗೆದಿಡುವಂಥ ಹಲಗೆ ಕೂಡಿಸಲು ಬರುತ್ತದೆಯೇ ಎಂದು ಅವರಲ್ಲೊಬ್ಬರು ಕೇಳಿದರು. ಬರುತ್ತದೆ. ಆದರೆ ಕೊಯ್ಯುವುದು ಸುಲಭ. ಕೊಯ್ದದ್ದರಿಂದ ಹೋದ ಬಲವನ್ನು ಮರಳಿ ತರುವುದೇ ಕಷ್ಟ.

ಬೆಂಕಿಪೊಟ್ಟಣದ ಒಳತಟ್ಟೆಯನ್ನು ಹೊರಗೆಳೆದು ಎರಡು ತುದಿ ಹಿಡಿದು ತಿರುಚಿ ನೋಡಿರಿ, ಸಲೀಸಾಗಿ ತಿರುಗುತ್ತದೆ. ಅದನ್ನೇ ಕವಚದೊಳಗೆ ಸೇರಿಸಿ ತಿರುಚಿರಿ; ಅಷ್ಟು ಸುಲಭಕ್ಕೆ ಬಗ್ಗದು. ಮುಚ್ಚಿದ ಕಾರಿನ ಛಾವಣಿಯೂ ಆ ಕವಚದಂತೆ. ಅದು ಬಿಸಿಲು ಮಳೆ ತಡೆಯುವ ಕೊಡೆ ಮಾತ್ರವಲ್ಲ, ಗುಂಡಿಬಿದ್ದ ರಸ್ತೆಯಲ್ಲಿ ಒಡಲು ತಿರುಚದಂತೆ ಹಿಡಿಯುತ್ತದೆ. ಗಾಡಿ ಮಗುಚಿದರೆ ಒಳಗಿದ್ದವರ ತಲೆ ಕಾಯುತ್ತದೆ. ಜರ್ಮನಿಯ ಪೋರ್ಷೆಯವರು 1965ರಲ್ಲಿ ತೋರಿಸಿದ 911 ಟಾರ್ಗಾದಲ್ಲಿ ನಡುವಿನ ಹಲಗೆ ಕಳಚುತ್ತಿತ್ತು. ಆಸನಗಳ ಹಿಂದೆ ಅಗಲವಾದ ಉಕ್ಕಿನ ಕಮಾನನ್ನು ಹಾಗೆಯೇ ಉಳಿಸಿದ್ದರು. ಸಿಸಿಲಿ ದ್ವೀಪದ ಟಾರ್ಗಾ ಫ್ಲೋರಿಯೊ ಪಂದ್ಯದಿಂದ ಬಂದ ಆ ಹೆಸರೇ ಈಗ ಇಂಥ ಛಾವಣಿಗೆಲ್ಲ ಅಂಟಿಕೊಂಡಿದೆ.

ಕೊಯ್ಯುವ ಮೊದಲು ಗಾಡಿಯನ್ನು ಸಮನೆಲದಲ್ಲಿ ನಾಲ್ಕೂ ಚಕ್ರದ ಮೇಲೆ ನಿಲ್ಲಿಸಿ, ಬಾಗಿಲ ಚೌಕಟ್ಟುಗಳಿಗೆ ಅಡ್ಡ ಪೈಪು ಬೆಸೆಯಬೇಕು. ಇಲ್ಲವಾದರೆ ಒಡಲು ಕುಸಿದು ಬಾಗಿಲು ಹಾಕಲು ಬಾರದು. ಬಾಗಿಲ ಕೆಳಗಿನ ತೊಲೆಗಳನ್ನು ಬಲಪಡಿಸಿ, ಕೊಯ್ದ ಬಾಯಿಯ ಸುತ್ತ ಪೆಟ್ಟಿಗೆಯಾಕಾರದ ಉಕ್ಕಿನ ಚೌಕಟ್ಟು ಕೂಡಿಸಿದ ಮೇಲೆಯೇ ಪೈಪು ಬಿಚ್ಚುವುದು.

ಇಷ್ಟೆಲ್ಲ ಮಾಡಿದರೂ ಕಾನೂನು ಅಡ್ಡ ಬರುತ್ತದೆ. ತಯಾರಕರು ಮಾದರಿ ಗಾಡಿಯನ್ನು ನಮ್ಮ ಪುಣೆಯ ಏ.ಆರ್.ಎ.ಐ.ಯಂಥ ಸಂಸ್ಥೆಗಳಲ್ಲಿ ಪರೀಕ್ಷೆಗೆ ಒಪ್ಪಿಸುವುದು ಛಾವಣಿಸಮೇತ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ಆ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಅಪಘಾತವಾದರೆ ಕೊಯ್ದವರು ಯಾರೆಂಬ ಪ್ರಶ್ನೆಯೂ ಏಳದಿರದು. ‘ಸೇಠರು ಹೇಳಿದರು’ ಎಂಬುದು ಅಲ್ಲಿ ಉತ್ತರವಾಗದು.

ಮೊದಲೇ ತೆರೆದ ಕಾರಿನ ಮಾತು ಬೇರೆ. ಬೆಂಗಳೂರಿನ ಸಾನ್ ಕಂಪೆನಿ ಗೋವೆಯಲ್ಲಿ ತಯಾರಿಸುತ್ತಿದ್ದ ಎರಡು ಆಸನದ ಸಾನ್ ಸ್ಟಾರ್ಮ್‌ನಂಥ ಗಾಡಿಗೆ ಬಲವೆಲ್ಲ ಕೆಳಗಿನಿಂದ. ಅಂಥದಕ್ಕೆ ಫೈಬರ್ ಹಲಗೆ ಕೂಡಿಸಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಆದರೂ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸುವುದು ಮೇಲು. ವೇಗದಲ್ಲಿ ಗಾಳಿ ಹಲಗೆಯನ್ನು ಮೇಲಕ್ಕೆ ಸೆಳೆಯುತ್ತದೆ. ಆದ್ದರಿಂದ ಮುಂದೆ ಗೂಟ, ಹಿಂದೆ ಕಬ್ಬಿಣದ ಕೊಂಡಿ ಇರಲೇಬೇಕು, ಅಂಟು ಸಾಲದು. ರಬ್ಬರ್ ಬೀಡಿಂಗನ್ನು ದಾಟಿ ನೀರು ಬಂದೇ ಬರುತ್ತದೆಂದು ಮೊದಲೇ ಎಣಿಸಿ, ಸುತ್ತ ಕಾಲುವೆ ಮಾಡಿ, ಮೂಲೆಗಳಿಂದ ಸಣ್ಣ ನಳಿಗೆ ಕೆಳಗಿಳಿಸಬೇಕು. ಜೂನ್ ಮಳೆಗೆ ಮೊದಲು ಒಬ್ಬರು ಒಳಗೆ ಕುಳಿತು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟು ನೋಡಿದರೆ ಸೋರುವ ಜಾಗ ಗೊತ್ತಾಗುತ್ತದೆ.