ಹರಕುಂವರ ಶೇಠಾಣಿ: ಸಂಪತ್ತನ್ನು ಬಿತ್ತಿದ ಶ್ರಾವಕಿ

ಅಹಮದಾಬಾದಿನ ಹಳೆಯ ಕೋಟೆಯ ದಿಲ್ಲಿ ದರವಾಜೆಯ ಹೊರಗೆ 15ನೆಯ ತೀರ್ಥಂಕರರಾದ ಧರ್ಮನಾಥ ಸ್ವಾಮಿಯ ಜಿನಮಂದಿರವಿದೆ. ಬಿಳಿಯ ಅಮೃತಶಿಲೆಯ ಈ ಎರಡಂತಸ್ತಿನ ಮಂದಿರದ ಅಂಗಳವನ್ನು ಸುತ್ತುವರಿದು 52 ದೇವಕುಲಿಕೆಗಳಿವೆ. ಪ್ರತಿಯೊಂದು ಗುಡಿಯಲ್ಲೂ ಒಂದೊಂದು ಜಿನಬಿಂಬ. ಕಂಬ, ತೋರಣ, ಗುಮ್ಮಟದ ಒಳಮೈ ಯಾವುದನ್ನು ನೋಡಿದರೂ ಉಳಿಗೆ ಸಿಗದೆ ಉಳಿದ ಒಂದು ಗೇಣು ಕಲ್ಲೂ ಇಲ್ಲವೇನೋ ಎನ್ನಿಸುತ್ತದೆ. ಊರಿನವರು ಇದನ್ನು ಹಠೀಸಿಂಗರ ದೇರಾಸರ್ ಎಂದು ಕರೆಯುತ್ತಾರೆ; ದೇರಾಸರ್ ಎಂದರೆ ಗುಜರಾತಿಯಲ್ಲಿ ಬಸದಿ. ಹಠೀಸಿಂಗ್ ಕೇಸರಿಸಿಂಗ್ ಆ ನಗರದ ಹೆಸರಾಂತ ಜೈನ ವರ್ತಕ. ಮಂದಿರ ಕಟ್ಟಿಸುವ ಸಂಕಲ್ಪ ಮಾಡಿ ಕೆಲಸವನ್ನು ಆರಂಭಿಸಿದವರು ಅವರು. ಆದರೆ ಅದು ಪೂರ್ಣವಾಗುವುದನ್ನು ಅವರು ಕಾಣಲಿಲ್ಲ. 1845ರಲ್ಲಿ, ಇನ್ನೂ 49ರ ವಯಸ್ಸಿನಲ್ಲಿ, ಅವರ ಆಯುಷ್ಯ ಮುಗಿಯಿತು. ಮುಂದಿನ ಮೂರು ವರ್ಷ ಆ ಕೆಲಸದ ಮೇಲ್ವಿಚಾರಣೆ ನಡೆಸಿ, 1848ರಲ್ಲಿ ಅದನ್ನು ಸಂಪೂರ್ಣಗೊಳಿಸಿದವರು ಅವರ ಧರ್ಮಪತ್ನಿ ಹರಕುಂವರ ಶೇಠಾಣಿ.

ದಾನಿಗಳ ಹೆಸರನ್ನು ನಾವು ಸ್ಮರಿಸುವಾಗ ಬಹುಮಟ್ಟಿಗೆ ಕೊಟ್ಟ ಮೊತ್ತವನ್ನು ಸ್ಮರಿಸುತ್ತೇವೆ. ಕೊಟ್ಟವರು ಯಾವ ಸ್ಥಿತಿಯಲ್ಲಿ ನಿಂತು ಕೊಟ್ಟರು ಎಂಬುದು ಮರೆತುಹೋಗುತ್ತದೆ. 19ನೆಯ ಶತಮಾನದ ನಡುವಿನಲ್ಲಿ, ಕುಲೀನವೆನಿಸಿದ ಮನೆಗಳಲ್ಲಿ ಪತಿಯನ್ನು ಕಳೆದುಕೊಂಡ ಹೆಣ್ಣುಮಗಳಿಗೆ ಸಮಾಜ ಕೊಡುತ್ತಿದ್ದ ಜಾಗ ಮನೆಯ ಒಳಕೋಣೆಯ ಒಂದು ಮೂಲೆ. ಆಕೆ ಅಲ್ಲಿ ಕೂತು ಉಪವಾಸ, ಜಪ, ಪ್ರತಿಕ್ರಮಣಗಳಲ್ಲಿ ಕಾಲ ಕಳೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಪುಣ್ಯವತಿ ಎಂದೇ ಹೊಗಳುತ್ತಿದ್ದರು. ಹರಕುಂವರ ಶೇಠಾಣಿಯವರು ಹಿಡಿದದ್ದು ಬೇರೆ ದಾರಿ. ಪತಿಯ ವ್ಯವಹಾರದ ಹೊಣೆಯನ್ನು ಅವರು ತಾವೇ ಹೊತ್ತರು.

ಆ ಹೊಣೆ ಎಂಥದೆಂಬುದನ್ನು ಇಂದಿನವರು ಊಹಿಸುವುದು ಕಷ್ಟ. ಅಹಮದಾಬಾದಿನಲ್ಲಿ ಆಗ ಬಟ್ಟೆಯ ಗಿರಣಿಗಳಿರಲಿಲ್ಲ. ಮೊದಲ ಗಿರಣಿ ಚಾಲೂ ಆದದ್ದು 1861ರಲ್ಲಿ. ಅದಕ್ಕೆ ಮುಂಚಿನ ನಗರ ಪೇಢಿಗಳ ನಗರ. ನಮ್ಮ ಕಡೆ ಮಂಡಿ, ಅಂಗಡಿ ಎನ್ನುವಂತೆ ವರ್ತಕನ ವ್ಯವಹಾರದ ಮನೆಗೆ ಅಲ್ಲಿ ಪೇಢಿ ಎನ್ನುತ್ತಾರೆ. ಬಿಳಿಯ ಗಾದಿಯ ಮೇಲೆ ಕೂತ ಶೇಠ, ಪಕ್ಕದಲ್ಲಿ ಮುನೀಮ, ಎದುರಿಗೆ ಕೆಂಪು ಬಟ್ಟೆಯ ಹೊದಿಕೆಯ ಉದ್ದನೆಯ ಲೆಕ್ಕದ ಪುಸ್ತಕಗಳು. ಹಣ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತಿದ್ದದ್ದು ಹುಂಡಿಯ ಮೂಲಕ. ಇಲ್ಲಿನ ಪೇಢಿಯವರು ಒಂದು ಚೀಟಿ ಬರೆದುಕೊಟ್ಟರೆ ನೂರಾರು ಮೈಲಿ ದೂರದ ಪೇಢಿಯವರು ಅದನ್ನು ನೋಡಿ ಹಣ ಎಣಿಸಿ ಕೊಡಬೇಕು. ಚೀಟಿಯ ಹಿಂದೆ ಇದ್ದ ಆಸ್ತಿ ಎಂದರೆ ಮನೆತನದ ಮಾತು ಮಾತ್ರ. ಯಜಮಾನ ತೀರಿಕೊಂಡ ಸುದ್ದಿ ಹರಡಿದೊಡನೆ ಆ ಮಾತಿನ ಬೆಲೆ ಅಲುಗಾಡುತ್ತದೆ. ಸಾಲ ಕೊಟ್ಟವರು ಬಾಗಿಲಿಗೆ ಬರುತ್ತಾರೆ, ಸಾಲ ತೆಗೆದುಕೊಂಡವರು ಮುಖ ಮರೆಸುತ್ತಾರೆ. ಇಂಥ ಹೊತ್ತಿನಲ್ಲಿ ಪೇಢಿಯನ್ನು ಕಾಪಾಡಿಕೊಂಡು, ಅದರ ಆದಾಯದಿಂದಲೇ ಲಕ್ಷಗಟ್ಟಲೆ ರೂಪಾಯಿಯ ನಿರ್ಮಾಣವನ್ನು ನಿಲ್ಲಿಸದೆ ನಡೆಸುವುದಕ್ಕೆ ಭಕ್ತಿಯೊಂದೇ ಸಾಲದು, ಅಂಕಿಗಳ ಮೇಲೆ ಹಿಡಿತವೂ ಬೇಕು.

ಇಲ್ಲಿ ನಮ್ಮ ಪುರಾಣವೊಂದರ ಪ್ರಸಂಗ ನೆನಪಾಗುತ್ತದೆ. ಆದಿತೀರ್ಥಂಕರ ವೃಷಭನಾಥರು ತಮ್ಮ ಇಬ್ಬರು ಹೆಣ್ಣುಮಕ್ಕಳಲ್ಲಿ ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಿಯನ್ನೂ ಕಲಿಸಿದರೆಂದು ಆದಿಪುರಾಣದ ಕಥೆ. ಅಕ್ಷರವಿದ್ಯೆಯ ಮಾತು ಬಂದಾಗಲೆಲ್ಲ ಬ್ರಾಹ್ಮಿಯನ್ನು ನೆನೆಯುತ್ತೇವೆ. ಸುಂದರಿಯನ್ನು ನೆನೆಯುವವರು ಕಡಿಮೆ. ಲೆಕ್ಕವಿದ್ಯೆ ಮೊದಲು ಒಬ್ಬ ಹೆಣ್ಣುಮಗಳ ಕೈಗೆ ಬಂತೆಂದು ನಂಬುವ ಪರಂಪರೆಯಲ್ಲಿ ಹೆಣ್ಣು ಲೆಕ್ಕದ ಪುಸ್ತಕದ ಮುಂದೆ ಕೂತರೆ ಅಚ್ಚರಿಪಡಬೇಕಾದ ಕಾರಣವೇ ಇರಲಿಲ್ಲ!

ವ್ಯಾಪಾರವೂ ಧರ್ಮವೂ ಒಂದೇ ಕೈಯಲ್ಲಿ ನಡೆಯಬಲ್ಲವೇ ಎಂಬ ಪ್ರಶ್ನೆಯನ್ನು ಜಿನಾಗಮ ಎಂದೂ ಬದಿಗೊತ್ತಿಲ್ಲ. ಗೃಹಸ್ಥನಿಗೆ ಹಿಂಸೆಯನ್ನು ಪೂರ್ತಿಯಾಗಿ ಬಿಡಲು ಸಾಧ್ಯವಿಲ್ಲವೆಂದು ಒಪ್ಪಿಕೊಂಡು, ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಸಂಪೂರ್ಣ ತ್ಯಜಿಸಬೇಕೆಂದೂ ಉದ್ಯೋಗದಲ್ಲಿ ಅನಿವಾರ್ಯವಾಗುವ ಹಿಂಸೆಯನ್ನು ಎಚ್ಚರದಿಂದ ಕಡಿಮೆ ಮಾಡುತ್ತ ಹೋಗಬೇಕೆಂದೂ ಆಚಾರ್ಯರು ವಿಧಿಸಿದರು. ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರದಲ್ಲಿ ಶ್ರಾವಕವ್ರತಗಳ ಅತಿಚಾರಗಳನ್ನು ಓದಿದರೆ ಯಾರೋ ಪೇಟೆಯ ನಡುವೆ ನಿಂತು ಬರೆದಂತಿದೆ. ಸತ್ಯಾಣುವ್ರತಕ್ಕೆ ಕೂಟಲೇಖಕ್ರಿಯೆ, ಅಂದರೆ ಸುಳ್ಳು ದಸ್ತಾವೇಜು ಬರೆಯುವುದು, ಒಂದು ದೋಷ. ನಂಬಿ ಇಟ್ಟ ಠೇವಣಿಯನ್ನು ನುಂಗುವ ನ್ಯಾಸಾಪಹಾರ ಇನ್ನೊಂದು. ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಒಳ್ಳೆಯ ಸರಕಿಗೆ ಕೆಟ್ಟದ್ದನ್ನು ಬೆರೆಸುವುದು ಅಚೌರ್ಯಾಣುವ್ರತಕ್ಕೆ ಬರುವ ಕಳಂಕಗಳು. ಹುಂಡಿಯ ವ್ಯವಹಾರ ನಿಂತಿದ್ದದ್ದೇ ಈ ವ್ರತಗಳ ಪಾಲನೆಯ ಮೇಲೆ. ಹಾಗೆ ನೋಡಿದರೆ ವರ್ತಕನ ಸಾಮಾಯಿಕ ಬಸದಿಯಲ್ಲಿ ಕೂತ 48 ನಿಮಿಷಕ್ಕೆ ಮುಗಿಯುವುದಿಲ್ಲ, ಲೆಕ್ಕ ಬರೆಯುವ ಲೇಖನಿಯ ತುದಿಯಲ್ಲಿಯೂ ಮುಂದುವರಿಯುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಕಹಿ ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. ಆ ಕಾಲದ ಅಹಮದಾಬಾದಿನ ದೊಡ್ಡ ವರ್ತಕರ ಐಶ್ವರ್ಯದಲ್ಲಿ ಅಫೀಮಿನ ವ್ಯಾಪಾರದ ಪಾಲಿತ್ತು. ಮಾಳವದಲ್ಲಿ ಬೆಳೆದ ಅಫೀಮು ಗುಜರಾತಿನ ವರ್ತಕರ ಕೈಹಾದು ಚೀನಕ್ಕೆ ಹಡಗೇರುತ್ತಿತ್ತು. ಹಠೀಸಿಂಗರ ಪೇಢಿಯೂ ಇದಕ್ಕೆ ಹೊರತಾಗಿರಲಿಲ್ಲ. ಶ್ರಾವಕನಿಗೆ ನಿಷಿದ್ಧವಾದ 15 ಕರ್ಮಾದಾನಗಳಲ್ಲಿ ವಿಷವಾಣಿಜ್ಯ ಒಂದೆಂದು ಹೇಮಚಂದ್ರಾಚಾರ್ಯರ ಯೋಗಶಾಸ್ತ್ರ ಎಣಿಸಿದೆ. ಆ ಕಾಲದಲ್ಲಿ ಅದು ಸರ್ಕಾರವೇ ಲಾಭ ಪಡೆಯುತ್ತಿದ್ದ ವ್ಯಾಪಾರ, ಎಲ್ಲರೂ ಮಾಡುತ್ತಿದ್ದರು ಎಂಬ ಸಮಜಾಯಿಷಿ ಇತಿಹಾಸಕಾರನಿಗೆ ಸಾಕಾಗಬಹುದು, ಕರ್ಮಸಿದ್ಧಾಂತಕ್ಕೆ ಸಾಕಾಗದು. ಇನ್ನು ಒಂದು ಕಡೆಯ ಪಾಪವನ್ನು ಮತ್ತೊಂದು ಕಡೆಯ ದಾನದಿಂದ ವಜಾ ಮಾಡುವ ಜಮಾಖರ್ಚು ನಮ್ಮ ಸಿದ್ಧಾಂತದಲ್ಲಿಲ್ಲ. ಪುಣ್ಯಾಸ್ರವ ಪಾಪಾಸ್ರವಗಳೆರಡೂ ಬೇರೆ ಬೇರೆಯಾಗಿ ಬಂದು, ಬೇರೆ ಬೇರೆಯಾಗಿಯೇ ಫಲ ಕೊಡುತ್ತವೆ. ಆದ್ದರಿಂದ ಶೇಠಾಣಿಯವರ ದಾನವನ್ನು ಪ್ರಾಯಶ್ಚಿತ್ತವೆಂದು ಬಗೆಯದೆ, ಕೈಗೆ ಬಂದ ಸಂಪತ್ತನ್ನು ಅವರು ಯಾವ ನೆಲದಲ್ಲಿ ಬಿತ್ತಿದರೆಂದು ನೋಡುವುದು ಹೆಚ್ಚು ನ್ಯಾಯವಾದ ಮಾರ್ಗ.

ಬಿತ್ತುವುದು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಅದೇ ಯೋಗಶಾಸ್ತ್ರದಲ್ಲಿ ಹೇಮಚಂದ್ರರು ಶ್ರಾವಕನ ಧನಕ್ಕೆ 7 ಕ್ಷೇತ್ರಗಳನ್ನು ಹೇಳುತ್ತಾರೆ: ಜಿನಬಿಂಬ, ಜಿನಮಂದಿರ, ಜಿನಾಗಮ, ಸಾಧು, ಸಾಧ್ವಿ, ಶ್ರಾವಕ, ಶ್ರಾವಿಕೆ. ಕ್ಷೇತ್ರವೆಂದರೆ ಹೊಲ. ಈ ಹೊಲಗಳಲ್ಲಿ ಭಕ್ತಿಯಿಂದಲೂ, ಇವುಗಳ ಆಚೆಗಿರುವ ಅತಿದೀನರಲ್ಲಿ ದಯೆಯಿಂದಲೂ ಧನವನ್ನು ಬಿತ್ತುವವನೇ ಮಹಾಶ್ರಾವಕ ಎಂಬುದು ಅವರ ಮಾತಿನ ತಾತ್ಪರ್ಯ. ಭಕ್ತಿ, ದಯೆ ಎಂಬ ಎರಡು ಪದಗಳನ್ನು ಅವರು ಬೇರ್ಪಡಿಸಿ ಇಟ್ಟಿದ್ದಾರೆ. ಭಕ್ತಿಯ ಹೊಲದಲ್ಲಿ ಬಿತ್ತಿ ದಯೆಯ ಹೊಲವನ್ನು ಬೀಳುಬಿಟ್ಟ ಶ್ರೀಮಂತರು ಎಲ್ಲ ಕಾಲದಲ್ಲಿಯೂ ಇದ್ದಾರೆ.

ಹಠೀಸಿಂಗರ ಮಂದಿರದ ವಿಶೇಷವೆಂದರೆ ಅಲ್ಲಿ ಎರಡು ಹೊಲಗಳೂ ಒಂದಾಗಿಬಿಟ್ಟವು. ಮಂದಿರ ಏಳುತ್ತಿದ್ದ ಕಾಲದಲ್ಲಿ ಗುಜರಾತಿಗೆ ಭೀಕರ ಬರ ಬಂದಿತ್ತು. ಪತಿ ಇಲ್ಲ, ಮಳೆ ಇಲ್ಲ, ವ್ಯಾಪಾರ ಕುಗ್ಗಿದೆ; ನಿರ್ಮಾಣವನ್ನು ಒಳ್ಳೆಯ ಕಾಲಕ್ಕೆ ಮುಂದೂಡೋಣವೆಂದು ಯಾರಾದರೂ ಹೇಳಿದ್ದರೆ ಅದು ಬುದ್ಧಿವಂತಿಕೆಯ ಮಾತೇ ಆಗಿರುತ್ತಿತ್ತು. ಕೆಲಸ ನಿಲ್ಲಲಿಲ್ಲ. ಶಿಲ್ಪಿ ಪ್ರೇಮಚಂದ ಸಲಾಟರ ಕೈಕೆಳಗೆ ನೂರಾರು ಕುಶಲಕರ್ಮಿಗಳು ದುಡಿದರು, ಸುಮಾರು ಎರಡು ವರ್ಷ ಅವರ ಮನೆಗಳ ಒಲೆ ಉರಿದದ್ದು ಈ ಕೂಲಿಯಿಂದ. ಬರಗಾಲದಲ್ಲಿ ಗಂಜಿಕೇಂದ್ರ ತೆರೆಯುವುದು ದೊಡ್ಡ ಪುಣ್ಯವೇ. ಆದರೆ ಗಂಜಿಗೆ ಕೈಯೊಡ್ಡುವವನು ತಲೆ ತಗ್ಗಿಸಬೇಕಾಗುತ್ತದೆ. ದುಡಿಮೆಗೆ ಕೂಲಿ ಪಡೆಯುವವನು ಹಾಗೆ ತಗ್ಗಿಸಬೇಕಾಗಿಲ್ಲ. ನಮ್ಮ ಪರಂಪರೆಯ ಆಹಾರದಾನಕ್ಕೆ ಇಂಥದೊಂದು ರೂಪವೂ ಇರಬಹುದೆಂಬುದನ್ನು ಆ 52 ದೇವಕುಲಿಕೆಗಳ ಮುಂದೆ ನಿಂತಾಗ ಯೋಚಿಸುವಂತಾಗುತ್ತದೆ. ಒಂದೊಂದು ಹೂಬಳ್ಳಿಯೂ ಯಾರದೋ ಮಕ್ಕಳ ಒಂದೊಂದು ಹೊತ್ತಿನ ಊಟವಾಗಿತ್ತು.

ಮಂದಿರದ ನಂತರ ಅವರ ಕೈ ಚಾಚಿದ್ದು ನೇರವಾಗಿ ದಯೆಯ ಹೊಲಕ್ಕೆ. ನಗರದ ರೋಗಿಗಳಿಗಾಗಿ ಆಸ್ಪತ್ರೆ ಏಳುವಾಗ ಅವರು ದೊಡ್ಡ ಮೊತ್ತವನ್ನು ನೀಡಿದರು. ನಗರಶೇಠ ಪ್ರೇಮಾಭಾಯಿಯವರ ದಾನವೂ ಅದರೊಡನೆ ಸೇರಿ, ಆಸ್ಪತ್ರೆ ಹಠೀಸಿಂಗ್ ಪ್ರೇಮಾಭಾಯಿ ಆಸ್ಪತ್ರೆಯೆಂದು ಹೆಸರಾಯಿತು. ಔಷಧದಾನ ಮನೆಬಾಗಿಲಿಗೆ ಬಂದವರಿಗೆ ಕಷಾಯ, ಚೂರ್ಣ ಕೊಡುವುದಕ್ಕೆ ಸೀಮಿತವಾಗಿದ್ದ ಕಾಲದಲ್ಲಿ ಜಾತಿ ಮತ ಕೇಳದೆ ಎಲ್ಲರನ್ನೂ ಒಳಗೊಳ್ಳುವ ಸಂಸ್ಥೆಗೆ ಹಣ ತೊಡಗಿಸುವುದು ಹೊಸ ಯೋಚನೆ. ಹೆಣ್ಣುಮಕ್ಕಳ ಶಾಲೆಗೂ ಅವರು ಧನಸಹಾಯ ಮಾಡಿದರು. ಮಂದಿರ ಪೂರ್ಣವಾದ 1848ರಲ್ಲೇ ಅಹಮದಾಬಾದಿನಲ್ಲಿ ಅಲೆಕ್ಸಾಂಡರ್ ಫೋರ್ಬ್ಸ್ ಅವರು ಗುಜರಾತ್ ವರ್ನಾಕ್ಯುಲರ್ ಸೊಸೈಟಿಯನ್ನು ಸ್ಥಾಪಿಸಿದ್ದರು. ಓದು, ಪುಸ್ತಕ, ಶಾಲೆಗಳ ಮಾತು ಊರಿನಲ್ಲಿ ಆಗತಾನೆ ಕೇಳಿಬರುತ್ತಿತ್ತು. ಹುಡುಗಿಯರು ಓದಿದರೆ ಮನೆ ಕೆಡುತ್ತದೆಂದು ಹೇಳುವ ಹಿರಿಯರಿಗೆ ಆಗ ಬರವಿರಲಿಲ್ಲ. ಶ್ರೀಮಂತ ಮನೆತನದ ಶ್ರಾವಕಿಯೊಬ್ಬರು ಶಾಲೆಯ ಬೆನ್ನಿಗೆ ನಿಂತರೆ ಅಂಥ ಮಾತಿಗೆ ಧೈರ್ಯ ಸ್ವಲ್ಪ ಕುಂದುತ್ತದೆ. ಹಣಕ್ಕಿಂತ ಆ ಬೆಂಬಲವೇ ಹೆಚ್ಚು ಬೆಲೆಯದಾಗಿತ್ತೆಂದು ನನಗನ್ನಿಸುತ್ತದೆ.

ಕನ್ನಡಿಗರಿಗೆ ಈ ಕಥೆ ಪೂರ್ತಿ ಅಪರಿಚಿತವೆನ್ನಿಸದು. ಸುಮಾರು ಒಂಬತ್ತು ಶತಮಾನ ಹಿಂದೆ ದಾನಚಿಂತಾಮಣಿ ಅತ್ತಿಮಬ್ಬೆಯ ಬಾಳಿನಲ್ಲಿ ಇಂಥದೇ ಕವಲುದಾರಿ ಬಂದಿತ್ತು. ಪತಿ ನಾಗದೇವ ತೀರಿಕೊಂಡಾಗ ತಂಗಿ ಗುಂಡಮಬ್ಬೆ ಸಹಗಮನಕ್ಕೆ ಹೋದಳು. ಅತ್ತಿಮಬ್ಬೆ ಮಗನಿಗಾಗಿ ಉಳಿದಳು. ಉಳಿದು, ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು, ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದಳು, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ಅವಳದು ದಂಡನಾಯಕರ ಮನೆತನ, ಶೇಠಾಣಿಯವರದು ವರ್ತಕರ ಮನೆತನ. ಅಲ್ಲಿನದು ದಿಗಂಬರ ಆಮ್ನಾಯ, ಇಲ್ಲಿನದು ಶ್ವೇತಾಂಬರ ಮೂರ್ತಿಪೂಜಕ ಪರಂಪರೆ. ಆಭರಣ ತೊಟ್ಟ, ಹೊಳೆಯುವ ಕಣ್ಣುಗಳ ಬಿಂಬಗಳನ್ನು ಕಂಡು ನಮ್ಮ ಕಡೆಯ ಯಾತ್ರಿಕರು ಮೊದಲಿಗೆ ತುಸು ತಡವರಿಸುವುದುಂಟು. ಆದರೂ ಬದುಕಿ ಉಳಿಯುವುದನ್ನೇ ವ್ರತವಾಗಿ ಹಿಡಿದ ಈ ಇಬ್ಬರು ಶ್ರಾವಕಿಯರ ನಡುವಣ ನಂಟು ಆಮ್ನಾಯಭೇದವನ್ನು ಮೀರಿದ್ದು. ಅತ್ತಿಮಬ್ಬೆಗೆ ರನ್ನನಂಥ ಕವಿ ಸಿಕ್ಕಿದ. ಶೇಠಾಣಿಯವರಿಗೆ ಸಿಕ್ಕಿದವರು ಸಲಾಟರು.

ಅವರ ಹೆಸರಿನ ವಿಷಯದಲ್ಲಿಯೂ ಒಂದು ಮಾತಿದೆ. ತಾವು ಪೂರ್ತಿಗೊಳಿಸಿದ ಮಂದಿರವನ್ನು ಅವರು ಪತಿಯ ಹೆಸರಿನಲ್ಲೇ ಉಳಿಸಿದರು. ಆಸ್ಪತ್ರೆಗೂ ಪತಿಯ ಹೆಸರೇ. ಇದನ್ನು ಪಾತಿವ್ರತ್ಯವೆಂದು ಕೊಂಡಾಡುವವರಿದ್ದಾರೆ, ಹೆಣ್ಣಿನ ಹೆಸರನ್ನು ಮರೆಮಾಡುವ ಹಳೆಯ ರೂಢಿಯೆಂದು ಬೇಸರಿಸುವವರೂ ಇದ್ದಾರೆ. ಎರಡೂ ನಿಜವಿರಬಹುದು. ಹಳೆಯ ಊರಿನ ಮಾಣೆಕ್ ಚೌಕದ ಹತ್ತಿರ, ಮರದ ಸೊಗಸಾದ ಕೆತ್ತನೆಗೆ ಪ್ರಸಿದ್ಧವಾದ ಅವರ ಮನೆಯನ್ನು ಮಾತ್ರ ಜನ ಇಂದಿಗೂ ಹರಕುಂವರ ಶೇಠಾಣಿಯ ಹವೇಲಿ ಎಂದೇ ಕರೆಯುತ್ತಾರೆ. ಅದಕ್ಕೆ ಆ ಹೆಸರನ್ನು ಉಳಿಸಿದವರು ಊರಿನವರು.

ಪಾಲಿತಾಣ, ಗಿರನಾರ್ ಯಾತ್ರೆಗೆಂದು ಕರ್ನಾಟಕದಿಂದ ಹೋಗುವ ಬಹಳಷ್ಟು ತಂಡಗಳು ಅಹಮದಾಬಾದಿನಲ್ಲಿ ಇಳಿದು ಆ ದಿನವೇ ಮುಂದೆ ಹೊರಡುತ್ತವೆ. ಅರ್ಧ ದಿನ ಬಿಡುವಿದ್ದರೆ ದಿಲ್ಲಿ ದರವಾಜೆಯ ಹೊರಗಿನ ಧರ್ಮನಾಥರ ದರ್ಶನ ಮಾಡಬಹುದು. ಅಂಗಳದಲ್ಲಿ ಚಿತ್ತೋಡದ ಕೀರ್ತಿಸ್ತಂಭದ ಮಾದರಿಯಲ್ಲಿ ಇತ್ತೀಚೆಗೆ ಕಟ್ಟಿದ 78 ಅಡಿಯ ಮಹಾವೀರ ಸ್ತಂಭವೂ ಇದೆ. ಎತ್ತರದ ಕಾರಣ ಮೊದಲು ಕಣ್ಣು ಹೋಗುವುದು ಅದರ ಕಡೆಗೇ. ಅದನ್ನು ನೋಡಿದ ಮೇಲೆ ಒಳಗೆ ಹೋಗಿ, ಸುತ್ತಿನ ದೇವಕುಲಿಕೆಗಳನ್ನು ಅವಸರವಿಲ್ಲದೆ ಒಂದೊಂದಾಗಿ ಪ್ರದಕ್ಷಿಣೆ ಮಾಡಿಕೊಂಡು ಬರಬೇಕು.