ಮರೆವಿನ ಕಾಯಿಲೆಯುಳ್ಳ ಹಿರಿಯರ ಹೆಬ್ಬೆಟ್ಟು: ಕುಟುಂಬದವರು ತಿಳಿದಿರಬೇಕಾದ ಕಾನೂನು

ಅರವತ್ತಕ್ಕೆ ಅರಳುಮರಳು ಎಂಬ ಮಾತು ರೂಢಿಯಲ್ಲಿದ್ದರೂ ಡಿಮೆನ್ಷಿಯಾ ವಯೋಸಹಜ ಮರೆವಲ್ಲ. ಅದು ಮೆದುಳಿನ ಕಾಯಿಲೆಗಳಿಂದ ಉಂಟಾಗುವ ಸ್ಥಿತಿ. ಅದಕ್ಕೊಳಗಾದವರು ನಲವತ್ತು ವರ್ಷದ ಹಿಂದಿನ ಮದುವೆಯನ್ನು ವಿವರವಾಗಿ ವರ್ಣಿಸಬಲ್ಲರು; ಬೆಳಿಗ್ಗೆ ಸಹಿ ಮಾಡಿದ ಕಾಗದ ಯಾವುದೆಂದು ಸಂಜೆ ಹೇಳಲಾರರು.

ತಾಯಿ ಕಮಲಾಪುರ ತಾಲ್ಲೂಕಿನ ಹಳ್ಳಿಯಲ್ಲಿ, ಮಕ್ಕಳು ಕಲಬುರಗಿ ನಗರದಲ್ಲಿ ಇರುವ ಕುಟುಂಬವನ್ನು ಭಾವಿಸೋಣ. ಚಿಕಿತ್ಸೆಗೆಂದು ನಗರಕ್ಕೆ ಕರೆತಂದಾಗಲೇ ಹೊಲದ ದಾನಪತ್ರವನ್ನೂ ಮುಗಿಸಿಬಿಡುವ ಆತುರ ಹುಟ್ಟುತ್ತದೆ. ದುರುದ್ದೇಶವೇ ಇರಬೇಕೆಂದಿಲ್ಲ, ಮುಂದೆ ಸಹಿ ಮಾಡಲಾಗದೆ ಹೋದೀತೆಂಬ ಭಯವೇ ಸಾಕು.

ಭಾರತೀಯ ಕರಾರು ಅಧಿನಿಯಮ, 1872ರ 12ನೇ ಪ್ರಕರಣದಂತೆ, ಕರಾರು ಮಾಡುವ ವೇಳೆಯಲ್ಲಿ ಅದನ್ನು ಅರಿತು ತನ್ನ ಹಿತವನ್ನು ವಿವೇಚಿಸಬಲ್ಲವರನ್ನೇ ಸ್ವಸ್ಥಚಿತ್ತರೆಂದು ಪರಿಗಣಿಸಲಾಗುತ್ತದೆ. ಆದ್ದರಿಂದ ಕಾಯಿಲೆ ಇದೆಯೆಂದ ಮಾತ್ರಕ್ಕೆ ಹಿರಿಯರ ಹಕ್ಕು ಹೋಗದು. ತಿಳಿವಿಲ್ಲದ ಗಳಿಗೆಯಲ್ಲಿ ಒತ್ತಿಸಿದ ಹೆಬ್ಬೆಟ್ಟು ಮಾತ್ರ ನಿಲ್ಲದು. ಪತ್ರ ಬರೆದುಕೊಡುವವರು ಬುದ್ಧಿಸ್ವಾಧೀನದಲ್ಲಿಲ್ಲವೆಂದು ಕಂಡುಬಂದರೆ ಉಪನೋಂದಣಾಧಿಕಾರಿಯವರು ನೋಂದಣಿ ನಿರಾಕರಿಸಬೇಕು. ಜಿ.ಪಿ.ಎ. ಇದೆಯಲ್ಲ ಎಂಬ ಧೈರ್ಯವೂ ಸಲ್ಲದು. ಕೊಟ್ಟವರ ಬುದ್ಧಿ ಅಸ್ವಸ್ಥವಾದೊಡನೆ ಅದೇ ಅಧಿನಿಯಮದ 201ನೇ ಪ್ರಕರಣದಂತೆ ಆ ಅಧಿಕಾರ ಕೊನೆಗೊಳ್ಳುತ್ತದೆ.

ಥೈರಾಯ್ಡ್ ತೊಂದರೆ, ಬಿ-12 ಜೀವಸತ್ವದ ಕೊರತೆಯಿಂದಲೂ ಮರೆವು ಬರಬಹುದು; ಅದು ಚಿಕಿತ್ಸೆಯಿಂದ ಸುಧಾರಿಸಬಲ್ಲದು. ಹೀಗಾಗಿ ಜಿಮ್ಸ್ ಆಸ್ಪತ್ರೆಯಂತಹ ಕಡೆ ಮೊದಲು ತಪಾಸಣೆ ಮಾಡಿಸುವುದು, ಆಸ್ತಿಯ ಮಾತು ಆನಂತರ ಎತ್ತುವುದು ಲೇಸು. ಆರಂಭದ ಹಂತದಲ್ಲಿ ಹಿರಿಯರೇ ಇಚ್ಛಿಸಿ ದಾನಪತ್ರ ಮಾಡುವುದಾದರೆ, ಆ ದಿನದ ತಿಳಿವಿನ ಬಗ್ಗೆ ವೈದ್ಯರ ಲಿಖಿತ ಅಭಿಪ್ರಾಯ ಪಡೆಯತಕ್ಕದ್ದು; ಪಾಲನೆಯ ಷರತ್ತನ್ನು ಪತ್ರದಲ್ಲಿಯೇ ಬರೆಯಿಸತಕ್ಕದ್ದು. ಈ ಒಂದು ಸಾಲನ್ನು ಬಹುತೇಕರು ಅವಿಶ್ವಾಸದ ಗುರುತೆಂದು ಬಿಟ್ಟುಬಿಡುತ್ತಾರೆ. ತಂದೆ ತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮ, 2007ರ 23ನೇ ಪ್ರಕರಣದಂತೆ, ಷರತ್ತು ಮುರಿದರೆ ವರ್ಗಾವಣೆಯನ್ನು ಅನೂರ್ಜಿತಗೊಳಿಸಬಹುದು. ಆದರೆ ಅಂತಹ ಷರತ್ತು ಇದ್ದುದನ್ನು ರುಜುವಾತುಪಡಿಸಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ.

ಅರ್ಜಿಯನ್ನು ಉಪವಿಭಾಗಾಧಿಕಾರಿಯವರ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಸಲ್ಲಿಸಬೇಕು. ಹಿರಿಯರು ತಾವೇ ಹಕ್ಕು ಸಾಧಿಸಲು ಅಶಕ್ತರಾಗಿದ್ದಲ್ಲಿ ನೋಂದಾಯಿತ ಸ್ವಯಂಸೇವಾ ಸಂಸ್ಥೆಯು ಅವರ ಪರವಾಗಿ ಕ್ರಮ ಕೈಗೊಳ್ಳಬಹುದು. ನೆರೆಹೊರೆಯವರಿಗೆ ಅನುಮಾನ ಬಂದಲ್ಲಿ ಹಿರಿಯ ನಾಗರಿಕರ ಉಚಿತ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು. ದಾನಪತ್ರ ಈಗಾಗಲೇ ನೋಂದಣಿಯಾಗಿದ್ದು ಪಹಣಿ ಇನ್ನೂ ಬದಲಾಗಿರದಿದ್ದರೆ, ವಾರಸುದಾರರು ನೋಟಿಸಿನ ಅವಧಿಯೊಳಗೆ ಲಿಖಿತ ತಕರಾರು ಸಲ್ಲಿಸಿ ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು.