ಸಾವಯವ ಆಕಾರಗಳ ಕ್ಯಾಡ್ ಮಾದರಿ ರಚನೆ

ಸಾವಯವ ಆಕಾರಗಳ ಮಾದರಿ ರಚನೆ ಎಂದರೆ ಪ್ರಾಣಿ, ಸಸ್ಯ, ಮಾನವ ದೇಹ, ನೀರು ಸವೆಸಿದ ಬಂಡೆ ಮುಂತಾದವುಗಳಲ್ಲಿ ಕಂಡುಬರುವ ಬಾಗಿದ, ಅನಿಯಮಿತ ಮೇಲ್ಮೈಗಳನ್ನು ಕಂಪ್ಯೂಟರ್ ನೆರವಿನ ವಿನ್ಯಾಸ (ಕ್ಯಾಡ್) ತಂತ್ರಾಂಶದಲ್ಲಿ ಮೂರು ಆಯಾಮಗಳಲ್ಲಿ ರೂಪಿಸುವ ವಿಧಾನ. ಇಲ್ಲಿ ‘ಸಾವಯವ’ ಎಂಬ ಪದವು ವಸ್ತುವಿನ ರಾಸಾಯನಿಕ ಗುಣವನ್ನಲ್ಲ, ಅದರ ಆಕಾರವನ್ನು ಸೂಚಿಸುತ್ತದೆ. ಕೃತಕ ಅಂಗ, ದಂತಚಿಕಿತ್ಸೆ, ವಾಹನಗಳ ಹೊರಕವಚ, ಪಾದರಕ್ಷೆ, ಆಭರಣ ಹಾಗೂ ಆನಿಮೇಷನ್ ಕ್ಷೇತ್ರಗಳಲ್ಲಿ ಈ ವಿಧಾನ ಬಳಕೆಯಲ್ಲಿದೆ.

ಸರಳ ಘನಾಕೃತಿಗಳಿಂದ ಇರುವ ವ್ಯತ್ಯಾಸ

ಸಿಲಿಂಡರಿನ ಆಕಾರವನ್ನು ತ್ರಿಜ್ಯ ಮತ್ತು ಎತ್ತರ ಎಂಬ ಎರಡೇ ಅಳತೆಗಳಿಂದ ಪೂರ್ಣವಾಗಿ ಹೇಳಬಹುದು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕ್ಯಾಡ್ ಡ್ರಾಯಿಂಗ್‌ನಲ್ಲಿ ಮೊದಲು ಅಭ್ಯಾಸ ಮಾಡುವ ಪಟ್ಟಕ, ಪಿರಮಿಡ್, ಶಂಕು ಮುಂತಾದವು ಇದೇ ಬಗೆಯವು. ಆದರೆ ದಾಂಡೇಲಿಯ ಕಾಡಿನಲ್ಲಿ ಕಾಣುವ ಮಂಗಟ್ಟೆ ಹಕ್ಕಿಯ ಕೊಕ್ಕನ್ನು ಕೆಲವೇ ಉದ್ದ ಮತ್ತು ಕೋನಗಳಿಂದ ವಿವರಿಸಲಾಗದು. ಅದರ ಬಾಗು ಪ್ರತಿ ಬಿಂದುವಿನಲ್ಲಿಯೂ ಬದಲಾಗುತ್ತದೆ. ಆದ್ದರಿಂದ ಇಂತಹ ಆಕಾರಗಳನ್ನು ಅಳತೆಗಳ ಬದಲು ನಿಯಂತ್ರಣ ಬಿಂದುಗಳ ಮೂಲಕ ರೂಪಿಸಲಾಗುತ್ತದೆ.

ಇತಿಹಾಸ

ಈ ಗಣಿತದ ಬೆಳವಣಿಗೆಗೆ ಫ್ರಾನ್ಸಿನ ಕಾರು ಉದ್ಯಮ ಮುಖ್ಯ ಕಾರಣವಾಯಿತು. ಸಿಟ್ರೊಯೆನ್ ಸಂಸ್ಥೆಯಲ್ಲಿ ಪಾಲ್ ದ ಕಾಸ್ಟೆಲ್ಜೊ 1959ರ ಸುಮಾರಿಗೆ, ರೆನೋ ಸಂಸ್ಥೆಯಲ್ಲಿ ಪಿಯರ್ ಬೆಜಿಯೆ 1960ರ ದಶಕದಲ್ಲಿ ಪ್ರತ್ಯೇಕವಾಗಿ ಒಂದೇ ಬಗೆಯ ವಕ್ರರೇಖೆಗಳನ್ನು ರೂಪಿಸಿದರು. ಇವು ಇಂದು ಬೆಜಿಯೆ ವಕ್ರರೇಖೆಗಳೆಂದು ಪ್ರಸಿದ್ಧವಾಗಿವೆ. 1978ರಲ್ಲಿ ಎಡ್ವಿನ್ ಕ್ಯಾಟ್‌ಮಲ್ ಮತ್ತು ಜಿಮ್ ಕ್ಲಾರ್ಕ್ ಉಪವಿಭಜನೆಯ ವಿಧಾನವೊಂದನ್ನು ಪ್ರಕಟಿಸಿದರು. ಪಿಕ್ಸಾರ್ ಸಂಸ್ಥೆಯು 1997ರ ‘ಗೆರೀಸ್ ಗೇಮ್’ ಕಿರುಚಿತ್ರದಲ್ಲಿ ಮಾನವ ಪಾತ್ರವನ್ನು ರೂಪಿಸಲು ಉಪವಿಭಜನಾ ಮೇಲ್ಮೈಗಳನ್ನು ಬಳಸಿತು.

ಪ್ರಮುಖ ವಿಧಾನಗಳು

ನರ್ಬ್ಸ್ ಮೇಲ್ಮೈ: ಇದರಲ್ಲಿ ಪ್ರತಿ ನಿಯಂತ್ರಣ ಬಿಂದುವಿಗೂ ಒಂದು ತೂಕವಿದ್ದು, ಮೇಲ್ಮೈಯು ಆ ಬಿಂದುಗಳತ್ತ ಸೆಳೆಯಲ್ಪಡುತ್ತದೆ. ಒಂದು ಬಿಂದುವನ್ನು ಸರಿಸಿದರೆ ಅದರ ಸುತ್ತಲಿನ ಭಾಗ ಮಾತ್ರ ಬದಲಾಗುತ್ತದೆ. ವೃತ್ತದಂತಹ ಆಕಾರಗಳನ್ನೂ ಇದರಲ್ಲಿ ನಿಖರವಾಗಿ ಬರೆಯಬಹುದು. ಕಾರ್ಖಾನೆಯ ಉತ್ಪಾದನೆಗೆ ಇದು ಅನುಕೂಲಕರ. ಆದರೆ ಕವಲೊಡೆಯುವ ಆಕಾರಗಳಲ್ಲಿ ಹಲವು ತುಂಡುಗಳನ್ನು ಜೋಡಿಸಬೇಕಾಗುತ್ತದೆ.

ಉಪವಿಭಜನಾ ಮೇಲ್ಮೈ: ಒರಟಾದ ಜಾಲವೊಂದರ ಮುಖಗಳನ್ನು ಮತ್ತೆ ಮತ್ತೆ ವಿಭಜಿಸಿ ನಯಗೊಳಿಸಲಾಗುತ್ತದೆ. ಕ್ಯಾಟ್‌ಮಲ್–ಕ್ಲಾರ್ಕ್ ವಿಧಾನದಲ್ಲಿ ಘನದ 6 ಮುಖಗಳು ಮೊದಲ ಹಂತದಲ್ಲಿ 24, ಎರಡನೆಯ ಹಂತದಲ್ಲಿ 96, ಮೂರನೆಯ ಹಂತದಲ್ಲಿ 384 ಆಗುತ್ತವೆ. ಘನವು ದುಂಡಗಾಗುತ್ತ ಹೋಗುತ್ತದೆ.

ಡಿಜಿಟಲ್ ಶಿಲ್ಪ: ಜೇಡಿಮಣ್ಣನ್ನು ಒತ್ತಿ, ಎಳೆದು, ಕೆತ್ತುವಂತೆ ಸಾವಿರಾರು ಸಣ್ಣ ಮುಖಗಳಿರುವ ಜಾಲವನ್ನು ತಿದ್ದಲಾಗುತ್ತದೆ. ಜ಼ೀಬ್ರಷ್, ಬ್ಲೆಂಡರ್ ತಂತ್ರಾಂಶಗಳಲ್ಲಿ ಈ ಸೌಲಭ್ಯವಿದೆ.

ದಾಂಡೇಲಿ–ಜೋಯಿಡಾ ಪರಿಸರದ ಉದಾಹರಣೆಗಳು

ದಾಂಡೇಲಿ ಪ್ರದೇಶದ ಕಾಡುಗಳಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿದ್ದು, ಅವುಗಳ ರಕ್ಷಣೆಗಾಗಿ 2011ರಲ್ಲಿ ಅಲ್ಲಿ ಸಂರಕ್ಷಿತ ಮೀಸಲು ಪ್ರದೇಶವನ್ನು ಘೋಷಿಸಲಾಯಿತು. ಇವುಗಳಲ್ಲಿ ದೊಡ್ಡ ಮಂಗಟ್ಟೆಯ ಕೊಕ್ಕಿನ ಮೇಲೆ ಟೊಳ್ಳಾದ ಕೊಂಬಿನಂತಹ ಉಬ್ಬು ಇರುತ್ತದೆ. ಉಬ್ಬಿನ ಮೇಲ್ಭಾಗ ಸ್ವಲ್ಪ ತಗ್ಗಾಗಿದ್ದು, ಎರಡು ಬದಿಯ ಏಣುಗಳು ಮುಂದಕ್ಕೆ ಚಾಚಿ ಮೊನೆಯಾಗುತ್ತವೆ. ಕೊಕ್ಕು ಎಡಬಲಗಳಲ್ಲಿ ಬಹುತೇಕ ಸಮಾನವಾಗಿರುವುದರಿಂದ, ಪಾರ್ಶ್ವ ಮತ್ತು ಮುಂಭಾಗದ ಛಾಯಾಚಿತ್ರಗಳನ್ನು ಹಿನ್ನೆಲೆಯಲ್ಲಿರಿಸಿಕೊಂಡು ಅರ್ಧ ಭಾಗವನ್ನಷ್ಟೇ ರಚಿಸಿ, ಉಳಿದುದನ್ನು ಪ್ರತಿಬಿಂಬಿಸಬಹುದು. ನಯಗೊಳಿಸುವಾಗ ಏಣುಗಳು ಕರಗಿಹೋಗದಂತೆ ಅಲ್ಲಿನ ಅಂಚುಗಳನ್ನು ‘ಮಡಿಕೆ’ ಎಂದು ಗುರುತಿಸಬೇಕಾಗುತ್ತದೆ.

ಜೋಯಿಡಾ ತಾಲ್ಲೂಕಿನ ಕವಳಾ ಗುಹೆಯಲ್ಲಿ ಶಿವಲಿಂಗವೆಂದು ಪೂಜಿಸಲ್ಪಡುವ ಸುಣ್ಣಕಲ್ಲಿನ ರಚನೆಯು ಬೇರೆ ಬಗೆಯದು. ನೀರು ತೊಟ್ಟಿಕ್ಕಿ ಬೆಳೆದ ಇಂತಹ ರಚನೆಗಳಲ್ಲಿ ನಿಖರ ಸಮಮಿತಿ ಇರುವುದಿಲ್ಲ. ಪ್ರತಿಬಿಂಬಿಸುವ ಉಪಾಯ ಇಲ್ಲಿ ನಡೆಯದು. ಇವುಗಳಿಗೆ ಹಲವು ಕೋನಗಳಿಂದ ತೆಗೆದ, ಒಂದರ ಮೇಲೊಂದು ಹೊಂದುವ ಛಾಯಾಚಿತ್ರಗಳಿಂದ ಜಾಲವನ್ನು ಪಡೆಯುವ ಫೋಟೊಗ್ರಾಮೆಟ್ರಿ ಸೂಕ್ತ. ಈ ವಿಧಾನದಲ್ಲಿ ವಸ್ತುವನ್ನು ಮುಟ್ಟಬೇಕಾಗಿಲ್ಲವಾದ್ದರಿಂದ ಸೂಕ್ಷ್ಮ ರಚನೆಗಳಿಗೆ ಹಾನಿಯಾಗುವುದಿಲ್ಲ. ಚಿತ್ರಗಳು ಗಾತ್ರವನ್ನು ತಿಳಿಸದ ಕಾರಣ, ತಿಳಿದ ಉದ್ದದ ಅಳತೆಪಟ್ಟಿಯೊಂದನ್ನು ಪಕ್ಕದಲ್ಲಿಟ್ಟು ಚಿತ್ರ ತೆಗೆಯುವುದು ಅಗತ್ಯ.

ವೈದ್ಯಕೀಯ ಬಳಕೆ

ಆಕಾರದ ನಿಖರತೆ ಅತ್ಯಂತ ಮಹತ್ವ ಪಡೆಯುವುದು ದೇಹಕ್ಕೆ ತಾಗುವ ಸಾಧನಗಳಲ್ಲಿ. ಕೃತಕ ಕಾಲಿನಲ್ಲಿ ಉಳಿದ ಅಂಗವನ್ನು ಹಿಡಿಯುವ ಸಾಕೆಟ್ ಸರಿಯಾಗಿ ಹೊಂದದಿದ್ದರೆ, ಒತ್ತಡ ಒಂದೆಡೆ ಬಿದ್ದು ಚರ್ಮ ಹುಣ್ಣಾಗುತ್ತದೆ. ಬಳಸುವವರು ನಡೆಯುವುದನ್ನೇ ಬಿಡಬೇಕಾಗಬಹುದು. ಅಂಗದ ಆಕಾರವನ್ನು ಸ್ಕ್ಯಾನ್ ಮಾಡಿ ಪಡೆದ ಮಾದರಿಯನ್ನು ಹಾಗೆಯೇ ಬಳಸದೆ, ಒತ್ತಡ ತಾಳುವ ಭಾಗಗಳಲ್ಲಿ ಬಿಗಿಯಾಗಿಯೂ ಎಲುಬು ಚಾಚಿದ ಭಾಗಗಳಲ್ಲಿ ಸಡಿಲವಾಗಿಯೂ ತಿದ್ದಲಾಗುತ್ತದೆ. ತಲೆಬುರುಡೆಯ ಒಂದು ಬದಿಗೆ ಹಾನಿಯಾಗಿದ್ದಲ್ಲಿ, ಸಿಟಿ ಸ್ಕ್ಯಾನ್‌ನಲ್ಲಿನ ಇನ್ನೊಂದು ಬದಿಯನ್ನು ಪ್ರತಿಬಿಂಬಿಸಿ ಕಸಿಫಲಕದ ಆಕಾರವನ್ನು ನಿರ್ಧರಿಸಬಹುದು.

ಮಿತಿಗಳು

ಪರದೆಯ ಮೇಲೆ ಸರಿಯಾಗಿ ಕಾಣುವ ಮಾದರಿಯೆಲ್ಲ ತಯಾರಿಕೆಗೆ ಯೋಗ್ಯವಲ್ಲ. ಜಾಲದಲ್ಲಿ ರಂಧ್ರಗಳಿದ್ದರೆ, ಮುಖಗಳು ಒಂದನ್ನೊಂದು ಛೇದಿಸಿದರೆ ಅಥವಾ ಗೋಡೆಗೆ ದಪ್ಪವಿಲ್ಲದಿದ್ದರೆ ಮೂರು ಆಯಾಮದ ಮುದ್ರಣ ವಿಫಲವಾಗಬಹುದು. ಮುದ್ರಣಕ್ಕೆ ಬಳಸುವ ಎಸ್‌ಟಿಎಲ್ ಕಡತವು ತ್ರಿಕೋನಗಳನ್ನಷ್ಟೇ ದಾಖಲಿಸುತ್ತದೆ. ಅದರಿಂದ ಮೂಲ ನಿಯಂತ್ರಣ ಬಿಂದುಗಳನ್ನು ಮರಳಿ ಪಡೆಯಲಾಗದು. ಹೀಗಾಗಿ ಮುಂದೆ ತಿದ್ದಬೇಕಾದ ಮಾದರಿಯ ಮೂಲ ಕಡತವನ್ನು ಉಳಿಸಿಕೊಳ್ಳಬೇಕಾಗುತ್ತದೆ.